ಪಿಕಪ್‌ನ ಆಯಿಲ್ ಫಿಲ್ಟರ್ ಬೇರೆ ಜಾಗಕ್ಕೆ ಸರಿಸಿದವರು ಯಾರಾದರೂ ಇದ್ದೀರಾ?

ಚಾಸಿ ಕೆಳಗೆ

ನನ್ನ ಪಿಕಪ್‌ನ ಆಯಿಲ್ ಚೇಂಜ್ ನಾನೇ ಮಾಡಿಕೊಳ್ಳುತ್ತೇನೆ. ಎಂಟು ವರ್ಷದಿಂದ ಬೇರೆಯವರ ಕೈಗೆ ಕೊಟ್ಟಿಲ್ಲ. ಸಂಪ್‌ನಿಂದ, ಅಂದರೆ ಇಂಜಿನ್ ತಳದ ಆಯಿಲ್ ತೊಟ್ಟಿಯಿಂದ, ಹಳೇ ಆಯಿಲ್ ಇಳಿಸುವುದು ಸಲೀಸು. ತಲೆನೋವು ಏನಿದ್ದರೂ ಫಿಲ್ಟರ್‌ದು. ಅದು ಇಂಜಿನ್ ಬ್ಲಾಕ್‌ನ ಪಕ್ಕದಲ್ಲಿ ಅಡ್ಡಡ್ಡ ಮಲಗಿದೆ. ನೇರ ಕೆಳಗೆ ಕ್ರಾಸ್‌ಮೆಂಬರ್ (ಚಾಸಿಯ ಅಡ್ಡಪಟ್ಟಿ), ಒಂದು ಪಕ್ಕಕ್ಕೆ ಮುಂದಿನ ಡಿಫರೆನ್ಷಿಯಲ್, ಇನ್ನೊಂದು ಪಕ್ಕಕ್ಕೆ ಎಕ್ಸಾಸ್ಟ್ ಪೈಪ್. ಕೈ ಹೇಗೋ ಒಳಗೆ ಹೋಗುತ್ತದೆ, ಹೋದ ಮೇಲೆ ಪಾನಾ ತಿರುಗಿಸಲು ಜಾಗ ಇಲ್ಲ.

ಅರ್ಧ ಸುತ್ತು ಸಡಿಲ ಆದರೆ ಸಾಕು, ಗ್ಯಾಸ್ಕೆಟ್ ಸುತ್ತ ಕಪ್ಪು ಆಯಿಲ್ ಇಳಿಯಲು ಶುರುವಾಗುತ್ತದೆ. ಮೊದಲು ಮೊಣಕೈವರೆಗೆ, ಆಮೇಲೆ ಕ್ರಾಸ್‌ಮೆಂಬರ್ ಮೇಲೆ, ಅಲ್ಲಿಂದ ಅದರ ತೂತುಗಳ ಒಳಗೆ. ಒಳಗೆ ಹೋದದ್ದನ್ನು ಒರೆಸಲು ಆಗುವುದಿಲ್ಲ. ಮೂರು ನಾಲ್ಕು ದಿನ ಗಾಡಿ ನಿಲ್ಲಿಸಿದ ಕಡೆಯೆಲ್ಲ ತೊಟ್ಟು ತೊಟ್ಟು ಬೀಳುತ್ತದೆ, ಎಕ್ಸಾಸ್ಟ್ ಮೇಲೆ ಬಿದ್ದದ್ದು ಸುಟ್ಟು ವಾಸನೆ ಬರುತ್ತದೆ.

ಕೊಳಕು ಒಂದೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಹೋದ ವರ್ಷ ಆಯಿಲ್ ಪ್ರೆಶರ್ ಸ್ವಿಚ್ ನಿಜವಾಗಿಯೂ ಲೀಕ್ ಆಗುತ್ತಿತ್ತು. ಅದು ನನಗೆ ಎರಡು ತಿಂಗಳು ಗೊತ್ತೇ ಆಗಲಿಲ್ಲ, ಯಾಕಂದರೆ ಆ ಜಾಗ ಯಾವಾಗಲೂ ಆಯಿಲ್ ಮೆತ್ತಿಕೊಂಡೇ ಇರುತ್ತದೆ, ಹೊಸ ಲೀಕ್ ಯಾವುದು, ಹಳೇ ಚೇಂಜ್‌ನಲ್ಲಿ ಚೆಲ್ಲಿದ್ದು ಯಾವುದು ಅಂತ ಹೇಗೆ ತಿಳಿಯಬೇಕು?

ಅದಕ್ಕೇ ಫಿಲ್ಟರ್ ರಿಲೊಕೇಶನ್ ಕಿಟ್ ಹಾಕೋಣ ಅಂತಿದ್ದೇನೆ. ಬ್ಲಾಕ್‌ನಲ್ಲಿ ಫಿಲ್ಟರ್ ಕೂರುವ ಕಡೆ ಒಂದು ಅಡಾಪ್ಟರ್, ಅಲ್ಲಿಂದ ಎರಡು ಹೋಸ್, ಆ ಕಡೆ ತುದಿಗೆ ಫಿಲ್ಟರ್ ತಿರುಗಿಸುವ ಹೆಡ್. ನೋಡಲು ಸುಲಭ ಅನ್ನಿಸುತ್ತದೆ. ಹಾಕಿಸಿಕೊಂಡು ನಾಲ್ಕಾರು ವರ್ಷ ಓಡಿಸಿದವರ ಮಾತು ಬೇಕು. ಪ್ರೆಶರ್ ಕಮ್ಮಿ ಆಗುತ್ತದಾ? ಹೋಸ್ ಎಷ್ಟು ದಪ್ಪ ಇರಬೇಕು? ಹೆಡ್ ಎಲ್ಲಿ ಕೂರಿಸಿದಿರಿ?

ಹಳೇ ಸ್ಪ್ಯಾನರ್

ನಾನು ಹಾಕಿ ಆರು ವರ್ಷ ಆಯಿತು. ಲೋಡ್ ಹೊರುವ ಗಾಡಿ, ಸುಮ್ನೆ ನಿಲ್ಲುವ ಗಾಡಿ ಅಲ್ಲ. ಇವತ್ತಿನವರೆಗೂ ಒಂದು ಹನಿ ಲೀಕ್ ಇಲ್ಲ. ಆದರೆ ಕಿಟ್ ಡಬ್ಬಿಯಲ್ಲಿ ಬಂದ ಹೋಸ್ ನಾನು ಹಾಕಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮೊದಲು ಥ್ರೆಡ್ ಸರಿಯಾಗಿ ಗೊತ್ತು ಮಾಡಿಕೊಳ್ಳಿ. ಜಾಸ್ತಿ ಕಾಣುವುದು ಮುಕ್ಕಾಲು ಇಂಚಿನ 16 ಥ್ರೆಡ್ (ಒಂದು ಇಂಚಿಗೆ 16 ಸುತ್ತು), ಎಂ20×1.5, ಎಂ22×1.5 (ಎಂ ಮುಂದಿನದು ಮಿಲಿಮೀಟರ್‌ನಲ್ಲಿ ದಪ್ಪ, ಆಮೇಲಿನದು ಸುತ್ತುಗಳ ನಡುವಿನ ಅಂತರ). ಇದರಲ್ಲಿ ಮೊದಲ ಎರಡು ಕಣ್ಣಿಗೆ ಒಂದೇ ಥರ ಕಾಣುತ್ತವೆ. ಮುಕ್ಕಾಲು ಇಂಚು ಅಂದರೆ 19.05 ಮಿಲಿಮೀಟರ್, ಅದು 20, ವ್ಯತ್ಯಾಸ ಒಂದು ಮಿಲಿಮೀಟರ್ ಕೂಡ ಇಲ್ಲ. ಮುಕ್ಕಾಲು ಇಂಚಿನ ಸ್ಟಡ್ ಮೇಲೆ ಎಂ20 ಥ್ರೆಡ್‌ನದು ತಿರುಗುತ್ತಾ ಹೋಗಿ ಕೂತ ಹಾಗೆ ಅನ್ನಿಸುತ್ತದೆ, ಆದರೆ ಥ್ರೆಡ್‌ನ ತುದಿ ತುದಿ ಮಾತ್ರ ಹಿಡಿದಿರುತ್ತದೆ. ಪ್ರೆಶರ್ ಬಂದಾಗ ಕಿತ್ತುಕೊಂಡು ಬರುತ್ತದೆ. ಥ್ರೆಡ್ ಗೇಜ್ ಇಟ್ಟು ನೋಡಿ, ಇಲ್ಲದಿದ್ದರೆ ಈಗ ಹಾಕಿರುವ ಫಿಲ್ಟರ್‌ನ ನಂಬರ್ ಹಿಡಿದು ಅದರ ಥ್ರೆಡ್ ಹುಡುಕಿ.

ಅಡಾಪ್ಟರ್ ಕೂರಿಸುವ ಮೊದಲು ಬ್ಲಾಕ್‌ನ ಮುಖವನ್ನು ಬಟ್ಟೆಯಿಂದ ಒರೆಸಿ, ಬೆರಳು ಇಟ್ಟು ಸುತ್ತಲೂ ಒಂದು ಸಲ ಸವರಿ. ಹಳೇ ಫಿಲ್ಟರ್‌ನ ರಬ್ಬರ್ ಗ್ಯಾಸ್ಕೆಟ್ ಅಲ್ಲೇ ಅಂಟಿಕೊಂಡಿದ್ದರೆ ಬೆರಳಿಗೆ ಸಿಗುತ್ತದೆ. ಅದರ ಮೇಲೇ ಅಡಾಪ್ಟರ್ ಕೂತರೆ ಎರಡು ರಬ್ಬರ್ ಒಂದರ ಮೇಲೊಂದು ಬಂದು ಜಾರುತ್ತವೆ, ಸ್ಟಾರ್ಟ್ ಮಾಡಿದ ನಿಮಿಷದಲ್ಲೇ ಆಯಿಲ್ ಎಲ್ಲ ನೆಲಕ್ಕೆ.

ಹೋಸ್ ವಿಷಯ. ಒಳಗಿನ ಅಳತೆ 16 ಮಿಲಿಮೀಟರ್, ಅಂದರೆ ಎಎನ್ ಅನ್ನುವ ಹೋಸ್ ಫಿಟ್ಟಿಂಗ್ ಅಳತೆಯಲ್ಲಿ 10ನೇ ಸೈಜ್. ಅದಕ್ಕಿಂತ ಸಣ್ಣದು ಬೇಡ. ನಾನು ಹೈಡ್ರಾಲಿಕ್ ಹೋಸ್ ಮಾಡುವ ಕಡೆ ಅಳತೆ ಕೊಟ್ಟು, ಒಳಗೆ ಸ್ಟೀಲ್ ತಂತಿ ಹೆಣೆದ ಹೋಸ್‌ಗೆ ಎರಡೂ ತುದಿಯ ಫಿಟ್ಟಿಂಗ್ ಮೆಷಿನ್‌ನಲ್ಲಿ ಒತ್ತಿಸಿ ಕ್ರಿಂಪ್ ಮಾಡಿಸಿದೆ. ಅಂಥ ಹೋಸ್ ತಡೆಯುವ ಪ್ರೆಶರ್ ಇಂಜಿನ್ ಆಯಿಲ್‌ನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ನೋಡಬೇಕಾದ್ದು ಶಾಖ. ಸಾಮಾನ್ಯ ಹೈಡ್ರಾಲಿಕ್ ಹೋಸ್ 100 ಡಿಗ್ರಿಗೆ ಅಂತ ಬರೆದಿರುತ್ತದೆ. ಲೋಡ್ ಇಟ್ಟುಕೊಂಡು ಏರು ಹತ್ತುವಾಗ ಇಂಜಿನ್ ಆಯಿಲ್ 120 ದಾಟಬಹುದು. ಹಾಗಾಗಿ ಜಾಸ್ತಿ ಶಾಖ ತಡೆಯುವ ಜಾತಿಯದ್ದನ್ನೇ ಕೇಳಿ ತೆಗೆದುಕೊಳ್ಳಿ.

ಹೆಡ್‌ನ್ನು ನಾನು ಚಾಸಿ ಪಟ್ಟಿಯ ಒಳಮುಖಕ್ಕೆ, ಮುಂದಿನ ಚಕ್ರದ ಹಿಂದೆ ಕೂರಿಸಿದ್ದೇನೆ. ಫಿಲ್ಟರ್ ನೆಟ್ಟಗೆ ನೇತಾಡುತ್ತದೆ, ಬಾಯಿ ಮೇಲಕ್ಕೆ. ಕೊಳಕು ಇಲ್ಲದ ಚೇಂಜ್‌ಗೆ ಇದೇ ಮುಖ್ಯ. ಬಾಯಿ ಮೇಲಿದ್ದರೆ ಬಿಚ್ಚಿದಾಗ ತುಂಬಿದ ಲೋಟದ ಹಾಗೆ ಕೈಗೆ ಬರುತ್ತದೆ. ಹೊಸದನ್ನೂ ಆಯಿಲ್ ತುಂಬಿಸಿಯೇ ಕೂರಿಸಬಹುದು. ಅಡ್ಡ ಕೂರಿಸಿದರೆ ಈಗಿನ ಗೋಳನ್ನೇ ಬೇರೆ ಜಾಗಕ್ಕೆ ಸಾಗಿಸಿದ ಹಾಗೆ.

ಪ್ರೆಶರ್ ಬಗ್ಗೆ: ಕಿಟ್ ಹಾಕುವ ಮುಂಚೆ ಮೆಕ್ಯಾನಿಕಲ್ ಗೇಜ್ ಹಾಕಿ ಬಿಸಿ ಇಂಜಿನ್‌ನ ಐಡಲ್ ನೋಡಿಕೊಂಡಿದ್ದೆ, 1.5 ಬಾರ್ ಇತ್ತು. ಹಾಕಿದ ಮೇಲೆ 1.4. ಮೇಲಿನ ಆರ್‌ಪಿಎಂನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ತಿರುವುಗಳಲ್ಲಿ 90 ಡಿಗ್ರಿ ಎಲ್ಬೋ ಆದಷ್ಟು ಕಮ್ಮಿ ಹಾಕಿ, ಹೋಸ್ ಅನ್ನೇ ದೊಡ್ಡ ಬಾಗಿನಲ್ಲಿ ತಿರುಗಿಸಿ.

ರಾತ್ರಿ ಪಾಳಿ

ನನ್ನ ಅನುಭವವನ್ನೂ ಓದಿ, ಆಮೇಲೆ ನಿರ್ಧಾರ ಮಾಡಿ.

ನಾನು ಡಬ್ಬಿಯಲ್ಲಿ ಬಂದದ್ದನ್ನೇ ಹಾಗೇ ಹಾಕಿದ್ದೆ. ರಬ್ಬರ್ ಹೋಸ್, ತುದಿಗೆ ಸ್ಕ್ರೂ ಇರುವ ಪಟ್ಟಿ ಕ್ಲಿಪ್. ಒಂದು ವರ್ಷ ಚೆನ್ನಾಗಿಯೇ ಇತ್ತು. ಒಂದು ಹೋಸ್ ಆಂಟಿ ರೋಲ್ ಬಾರ್ (ತಿರುವಿನಲ್ಲಿ ಗಾಡಿ ವಾಲದ ಹಾಗೆ ಸಸ್ಪೆನ್ಷನ್‌ಗೆ ಹಾಕಿರುವ ಸರಳು) ಹತ್ತಿರ ಹಾದುಹೋಗಿತ್ತು. ಗಾಡಿ ನಿಂತಿರುವಾಗ ನೋಡಿದರೆ ಎರಡರ ನಡುವೆ ಒಂದು ಬೆರಳಿನಷ್ಟು ಜಾಗ. ಇಷ್ಟು ಸಾಕು ಅಂದುಕೊಂಡೆ. ಆದರೆ ಇಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿರುತ್ತದೆ, ಜೋರಾಗಿ ಎಳೆಯುವಾಗ ಅದು ಒಂದು ಪಕ್ಕಕ್ಕೆ ವಾಲುತ್ತದೆ, ಸಸ್ಪೆನ್ಷನ್ ಒತ್ತಿದಾಗ ಬಾರ್ ಮೇಲಕ್ಕೆ ಬರುತ್ತದೆ, ಎರಡೂ ಒಟ್ಟಿಗೆ ಆದಾಗ ಆ ಒಂದು ಬೆರಳಿನ ಜಾಗ ಉಳಿಯುವುದೇ ಇಲ್ಲ.

ರಾತ್ರಿ ಖಾಲಿ ರಸ್ತೆಯಲ್ಲಿ ಆಯಿಲ್ ಲೈಟ್ ಹತ್ತಿತು. ಕೂಡಲೇ ಆಫ್ ಮಾಡಿದೆ ಅಂತಲೇ ನನ್ನ ನೆನಪು, ಆದರೂ ಗಾಡಿ ಪಕ್ಕಕ್ಕೆ ತಂದು ಕೀ ತಿರುಗಿಸುವಷ್ಟರಲ್ಲಿ ಅರ್ಧ ನಿಮಿಷ ಆಗಿರಬೇಕು. ಇಳಿದು ಟಾರ್ಚ್ ಬಿಟ್ಟು ನೋಡಿದರೆ ಹೋಸ್‌ನಲ್ಲಿ ಉಗುರಿನ ಉದ್ದದ ಸೀಳು. ಡಿಪ್‌ಸ್ಟಿಕ್ ಒಣಗಿತ್ತು. ಬಿಚ್ಚಿದಾಗ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಶೆಲ್‌ಗಳಲ್ಲಿ ತಾಮ್ರದ ಬಣ್ಣ ಕಾಣುತ್ತಿತ್ತು, ಕ್ರ್ಯಾಂಕ್ ಕೂಡ ಗೀಚಿತ್ತು. ಪೂರ್ತಿ ಇಂಜಿನ್ ಕೆಲಸ ಮಾಡಿಸಬೇಕಾಯಿತು.

ಇದು ಕೂಲಂಟ್ ಹೋಸ್ ಥರ ಅಲ್ಲ, ದಯವಿಟ್ಟು ಅರ್ಥ ಮಾಡಿಕೊಳ್ಳಿ. ಪಂಪ್‌ನಿಂದ ಹೊರಟ ಆಯಿಲ್ ಮೊದಲು ಫಿಲ್ಟರ್‌ಗೆ, ಆಮೇಲೆ ಬೇರಿಂಗ್‌ಗಳಿಗೆ. ಅಷ್ಟೂ ಆಯಿಲ್ ಆ ಎರಡು ಹೋಸ್‌ಗಳ ಮೂಲಕವೇ ಹೋಗಿ ಬರಬೇಕು. ಒಂದು ಒಡೆದರೆ ಪಂಪ್ ತಾನೇ ಸಂಪ್ ಅನ್ನು ರಸ್ತೆಗೆ ಖಾಲಿ ಮಾಡುತ್ತದೆ. ಪಕ್ಕದಲ್ಲೇ ಎಕ್ಸಾಸ್ಟ್ ಇದ್ದರೆ ಬೆಂಕಿಯ ಭಯವೂ ಇದೆ, ನಿಮ್ಮದರಲ್ಲಿ ಇದೆ ಅಂತ ನೀವೇ ಬರೆದಿದ್ದೀರಿ.

ಹಾಕಬೇಡಿ ಅಂತ ಹೇಳುವುದಿಲ್ಲ. ಪಟ್ಟಿ ಕ್ಲಿಪ್ ಹಾಕಿ ಬಿಗಿಯುವ ಹೋಸ್ ಮಾತ್ರ ಹಾಕಬೇಡಿ. ಹೋಸ್ ಹಾದುಹೋಗುವ ಕಡೆಯೆಲ್ಲ ರಬ್ಬರ್ ಒಳಪದರ ಇರುವ ಕ್ಲಿಪ್ ಬಿಗಿಯಿರಿ. ಇಂಜಿನ್ ಮತ್ತು ಚಾಸಿ ನಡುವೆ ಮಾತ್ರ ಧಾರಾಳವಾಗಿ ಸಡಿಲ ಬಿಡಿ. ಗಾಡಿ ಗ್ಯಾರಂಟಿಯಲ್ಲಿದ್ದರೆ ಅದನ್ನೂ ಯೋಚಿಸಿ, ಹೊರಗಿನ ಭಾಗದಿಂದ ಇಂಜಿನ್ ಹೋದರೆ ಕಂಪನಿಯವರು ಒಪ್ಪುವುದಿಲ್ಲ.

ನಾಲ್ಕು ಗಾಲಿ

ಕಿಟ್‌ಗೂ ಮುಂಚೆ ಸುಲಭದ ದಾರಿ ನೋಡಿದ್ದೀರಾ? ಹೊಸದಾಗಿ ಎಷ್ಟು ಜಾಯಿಂಟ್ ಸೇರಿಸುತ್ತೀರೋ ಅಷ್ಟು ಲೀಕ್ ಜಾಗ ಸೇರಿಸಿದ ಹಾಗೆ ಅಲ್ವಾ.

ನಾನು ಖಾಲಿ ಆಯಿಲ್ ಕ್ಯಾನ್ ಒಂದನ್ನು ಉದ್ದಕ್ಕೆ ಸೀಳಿ ದೋಣಿ ಥರ ಮಾಡಿಕೊಂಡಿದ್ದೇನೆ. ಒಂದು ತುದಿ ಫಿಲ್ಟರ್ ಬಾಯಿಯ ಕೆಳಗೆ, ಇನ್ನೊಂದು ತುದಿ ಟಬ್ ಮೇಲೆ. ಕ್ಯಾನ್ ತೂರದ ಕಡೆ ದಪ್ಪ ಅಲ್ಯೂಮಿನಿಯಂ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲೇ ಒತ್ತಿ ಕ್ರಾಸ್‌ಮೆಂಬರ್‌ನ ಆಕಾರಕ್ಕೆ ಕೂರಿಸಿ, ಕೆಲಸ ಮುಗಿದ ಮೇಲೆ ಆಯಿಲ್ ಸಮೇತ ಎತ್ತಿಕೊಂಡು ಬರಬಹುದು.

ಇನ್ನೊಂದು. ಅಡ್ಡ ಮಲಗಿದ ಫಿಲ್ಟರ್ ಒಳಗೆ ಆಯಿಲ್ ಉಳಿಯುವುದು ಒಳಗಿನ ರಬ್ಬರ್ ವಾಲ್ವ್‌ನಿಂದ. ಇಂಜಿನ್ ನಿಂತಾಗ ಆಯಿಲ್ ವಾಪಸ್ ಇಳಿಯಬಾರದು ಅಂತಲೇ ಅದನ್ನು ಇಟ್ಟಿರುತ್ತಾರೆ. ಹಾಗಾಗಿ ರಾತ್ರಿಯಿಡೀ ಕಾದರೂ ಫಿಲ್ಟರ್ ಪೂರ್ತಿ ಖಾಲಿ ಆಗುವುದಿಲ್ಲ. ನಾನು ಬಿಚ್ಚುವ ಮೊದಲು ಫಿಲ್ಟರ್‌ನ ತಳದ ಅಂಚಿನಲ್ಲಿ ಮೊಳೆಯಿಂದ ಒಂದು ತೂತು, ಗಾಳಿ ಹೋಗಲು ಮೇಲೆ ಇನ್ನೊಂದು ತೂತು ಹೊಡೆಯುತ್ತೇನೆ. ಹದಿನೈದು ನಿಮಿಷ ಬಿಟ್ಟರೆ ಮುಕ್ಕಾಲು ಭಾಗ ಸಣ್ಣ ಧಾರೆಯಲ್ಲಿ ನೀಟಾಗಿ ಟಬ್‌ಗೆ ಇಳಿಯುತ್ತದೆ. ಹೊಸ ಫಿಲ್ಟರ್ ಕೈಯಲ್ಲಿ ಇಟ್ಟುಕೊಂಡೇ ತೂತು ಹೊಡೆಯಿರಿ, ಹೊಡೆದ ಮೇಲೆ ಗಾಡಿ ಸ್ಟಾರ್ಟ್ ಮಾಡುವ ಹಾಗಿಲ್ಲ.

ಮುಂದಿನ ಚಕ್ರ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಲೈನರ್ ತೆಗೆದು ಪಕ್ಕದಿಂದ ಕೈ ಹಾಕಿದರೆ ಕೆಲವು ಗಾಡಿಗಳಲ್ಲಿ ಫಿಲ್ಟರ್ ನೇರ ಎದುರಿಗೇ ಸಿಗುತ್ತದೆ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿಯೇ ಮಾಡಿ, ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ.

ಚಾಸಿ ಕೆಳಗೆ

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಗಾಡಿ ಕೆಳಗೆ ಎರಡು ಗಂಟೆ ಮಲಗಿ ಅಳತೆ ಮಾಡಿದೆ. ಫಿಲ್ಟರ್‌ಗೂ ಕ್ರಾಸ್‌ಮೆಂಬರ್‌ಗೂ ನಡುವೆ ಎರಡು ಬೆರಳು ಜಾಗ. ಹಾಳೆ ಹೇಗೋ ತೂರುತ್ತದೆ, ಆದರೆ ಫಿಲ್ಟರ್ ಹೊರಗೆ ಬರಬೇಕಾದರೆ ಅದೇ ಜಾಗದಲ್ಲಿ ಓರೆ ಆಗಬೇಕು, ಹಾಳೆಯನ್ನೂ ಎಳೆದುಕೊಂಡೇ ಬರುತ್ತದೆ. ಚಕ್ರದ ಕಡೆಯಿಂದ ನೋಡಿದರೆ ಡ್ರೈವ್ ಶಾಫ್ಟ್ ಅಡ್ಡ. ತೂತು ಹೊಡೆಯುವ ಉಪಾಯ ಒಳ್ಳೆಯದು, ಆದರೆ ಸುತ್ತಿಗೆ ಬೀಸಲು ಅಲ್ಲಿ ಜಾಗ ಇಲ್ಲ.

ಹಾಗಾಗಿ ಕಿಟ್ ಹಾಕುವುದೇ ಅಂತ ನಿರ್ಧಾರ ಮಾಡಿದೆ. ಹೋಸ್ ಮಾತ್ರ ಕ್ರಿಂಪ್ ಮಾಡಿಸುತ್ತೇನೆ. ಒಂದು ಅನುಮಾನ. ಅಡಾಪ್ಟರ್ ಮೇಲೆ ಯಾವ ತೂತು ಒಳಗೆ, ಯಾವುದು ಹೊರಗೆ ಅಂತ ಬರೆದಿಲ್ಲ. ಹೋಸ್ ಅದಲು ಬದಲಾದರೆ ಆಯಿಲ್ ಉಲ್ಟಾ ಹರಿಯುತ್ತದೆ ಅಷ್ಟೇನಾ, ಅಥವಾ ಜಾಸ್ತಿ ಏನಾದರೂ ಆಗುತ್ತದಾ?

ಹಳೇ ಸ್ಪ್ಯಾನರ್

ಜಾಸ್ತಿಯೇ ಆಗುತ್ತದೆ. ಕೇಳಿದ್ದು ಒಳ್ಳೆಯದಾಯಿತು.

ಫಿಲ್ಟರ್ ಬಾಯಿ ನೋಡಿ. ಅಂಚಿನ ಸುತ್ತ ಸಣ್ಣ ಸಣ್ಣ ತೂತು, ನಡುವೆ ಥ್ರೆಡ್ ಇರುವ ದೊಡ್ಡ ತೂತು. ಆಯಿಲ್ ಅಂಚಿನ ತೂತುಗಳಿಂದ ಒಳಗೆ ಬಂದು, ಕಾಗದ ದಾಟಿ, ನಡುವಿನಿಂದ ಹೊರಗೆ ಹೋಗಬೇಕು. ಒಂದು ಸಣ್ಣ ಸ್ಕ್ರೂಡ್ರೈವರ್‌ನಿಂದ ಅಂಚಿನ ತೂತಿನ ಒಳಗೆ ಮೆಲ್ಲಗೆ ಒತ್ತಿದರೆ ಮೆತ್ತಗಿನ ರಬ್ಬರ್ ತಾಗುತ್ತದೆ. ನಾಲ್ಕು ಗಾಲಿಯವರು ಹೇಳಿದ ವಾಲ್ವ್ ಅದೇ. ಒಳಕ್ಕೆ ಬಾಗುತ್ತದೆ, ಹೊರಕ್ಕೆ ಬಿಡುವುದಿಲ್ಲ. ಹೋಸ್ ಅದಲು ಬದಲಾದರೆ ಆಯಿಲ್ ನಡುವಿನಿಂದ ಒಳಗೆ ಬಂದು ಈ ರಬ್ಬರ್ ಹಿಂದೆ ಸಿಕ್ಕಿಬೀಳುತ್ತದೆ. ಫಿಲ್ಟರ್ ಕಟ್ಟಿಕೊಂಡಾಗ ಕಾಪಾಡುವ ಬೈಪಾಸ್ ವಾಲ್ವ್ ಕೂಡ ಒಂದೇ ದಿಕ್ಕಿಗೆ ತೆರೆಯುವುದರಿಂದ ಅದೂ ಸಹಾಯಕ್ಕೆ ಬರುವುದಿಲ್ಲ. ಬೇರಿಂಗ್‌ಗೆ ಆಯಿಲ್ ಹೋಗುವುದೇ ಇಲ್ಲ.

ಕಂಡುಹಿಡಿಯುವುದು ಹೀಗೆ. ಅಡಾಪ್ಟರ್ ಬಿಚ್ಚಿ ಕೈಯಲ್ಲಿ ಹಿಡಿದು, ಒಂದೊಂದೇ ತೂತಿಗೆ ಬಾಯಿಂದ ಗಾಳಿ ಊದಿ. ಬ್ಲಾಕ್‌ಗೆ ಕೂರುವ ಮುಖದಲ್ಲಿ ಸುತ್ತಲಿನ ತೋಡಿನಿಂದ ಗಾಳಿ ಬಂದರೆ ಅದು ಫಿಲ್ಟರ್‌ಗೆ ಹೋಗುವ ಆಯಿಲ್, ನಡುವಿನಿಂದ ಬಂದರೆ ಇಂಜಿನ್‌ಗೆ ವಾಪಸ್ ಬರುವ ಆಯಿಲ್. ಹೆಡ್‌ಗೂ ಹೀಗೇ ನೋಡಿ. ಸುತ್ತಲಿನದು ಸುತ್ತಲಿನದಕ್ಕೆ, ನಡುವಿನದು ನಡುವಿನದಕ್ಕೆ. ಒಂದು ಹೋಸ್‌ನ ಎರಡೂ ತುದಿಗೆ ಈಗಲೇ ಬಿಳಿ ಪೇಂಟ್ ಹಚ್ಚಿಬಿಡಿ, ಗಾಡಿ ಕೆಳಗೆ ಮಲಗಿದಾಗ ಎಡಬಲ ತಪ್ಪುತ್ತದೆ.

ಫಿಲ್ಟರ್ ಯಾವುದು ಅನ್ನುವುದನ್ನೂ ಮರೆಯಬೇಡಿ. ಕೆಲವು ಇಂಜಿನ್‌ಗಳಲ್ಲಿ ಬೈಪಾಸ್ ಬ್ಲಾಕ್‌ನಲ್ಲೇ ಇರುತ್ತದೆ, ಕೆಲವದರಲ್ಲಿ ಫಿಲ್ಟರ್ ಒಳಗೆ. ಹೆಡ್‌ನ ಥ್ರೆಡ್‌ಗೆ ಹೊಂದುತ್ತದೆ ಅಂತ ಯಾವುದೋ ಫಿಲ್ಟರ್ ಹಾಕಿದರೆ ಇಂಜಿನ್‌ಗೆ ಬೇಕಾದ ಬೈಪಾಸ್ ತಪ್ಪಿಹೋಗಬಹುದು. ನಿಮ್ಮ ಗಾಡಿಗೆ ಹೇಳಿರುವ ಫಿಲ್ಟರೇ ಕೂರುವಂಥ ಹೆಡ್ ತೆಗೆದುಕೊಳ್ಳಿ.

ಜಾಯಿಂಟ್‌ಗಳಿಗೆ ಬಿಳಿ ಟೇಪ್ ಬೇಡ. ಅದರ ಒಂದು ಎಳೆ ಕಿತ್ತು ಬಂದು ಆಯಿಲ್ ದಾರಿಯಲ್ಲಿ ಸಿಕ್ಕಿಕೊಂಡರೆ ಕಷ್ಟ, ವಾಪಸ್ ಹೋಗುವ ಹೋಸ್‌ನಲ್ಲಿ ಅದನ್ನು ತಡೆಯಲು ಮುಂದೆ ಯಾವ ಫಿಲ್ಟರೂ ಇಲ್ಲ. ಟೇಪರ್ ಥ್ರೆಡ್ (ತುದಿಗೆ ಹೋಗುತ್ತಾ ಸಣ್ಣ ಆಗುವ ಥ್ರೆಡ್) ಇರುವ ಕಡೆ ಆಯಿಲ್ ತಡೆಯುವ ಪೇಸ್ಟ್ ಹಚ್ಚಿ, ತುದಿಯ ಮೊದಲ ಒಂದೆರಡು ಸುತ್ತು ಬಿಟ್ಟು. ಎಎನ್ ಫಿಟ್ಟಿಂಗ್‌ಗೆ ಏನೂ ಬೇಡ, ಲೋಹಕ್ಕೆ ಲೋಹ ಕೂತೇ ಅದು ಸೀಲ್ ಆಗುತ್ತದೆ. ಕತ್ತರಿಸಿದ ಹೋಸ್ ಒಳಗೆ ರಬ್ಬರ್ ಪುಡಿ ಉಳಿದಿರುತ್ತದೆ, ಡೀಸೆಲ್ ಹಾಕಿ ತೊಳೆದು, ಗಾಳಿ ಹೊಡೆದು ಒಣಗಿಸಿ.

ಮೊದಲ ಸ್ಟಾರ್ಟ್. ಎರಡು ಹೋಸ್ 80 ಸೆಂಟಿಮೀಟರ್‌ನವು ಅಂದುಕೊಂಡರೆ 16 ಮಿಲಿಮೀಟರ್ ಒಳ ಅಳತೆಗೆ ಎರಡೂ ಸೇರಿ ಸುಮಾರು 320 ಮಿಲಿಲೀಟರ್ ಆಯಿಲ್ ಹಿಡಿಯುತ್ತದೆ. ಅಷ್ಟು ಜಾಸ್ತಿ ಹಾಕಬೇಕು. ಫಿಲ್ಟರ್‌ಗೆ ಆಯಿಲ್ ತುಂಬಿಸಿ ಹೆಡ್‌ಗೆ ಕೂರಿಸಿ. ಇಂಜಿನ್ ಹತ್ತದ ಹಾಗೆ ಫ್ಯೂಯಲ್ ಪಂಪ್‌ನ ಫ್ಯೂಸ್ ತೆಗೆದು, ಹತ್ತು ಹತ್ತು ಸೆಕೆಂಡ್ ಕ್ರ್ಯಾಂಕ್ ಮಾಡಿ, ನಡುವೆ ಸ್ಟಾರ್ಟರ್‌ಗೆ ಬಿಡುವು ಕೊಡಿ. ಗೇಜ್ ಮುಳ್ಳು ಎದ್ದ ಮೇಲೆ ಫ್ಯೂಸ್ ಹಾಕಿ.

ಚಾಸಿ ಕೆಳಗೆ

ಮೂರು ವಾರ ಆಯಿತು, ಹೇಳಿಬಿಡೋಣ ಅಂತ ಬಂದೆ. ಹಾಕಿದೆ.

ಊದಿ ನೋಡಿದ್ದು ಒಳ್ಳೆಯದೇ ಆಯಿತು. ಹೆಡ್‌ನಲ್ಲಿ ಎಡಗಡೆಯದು ಒಳಗೆ ಹೋಗುವುದು ಅಂತ ನಾನು ಸುಮ್ನೆ ಅಂದುಕೊಂಡಿದ್ದೆ, ಅದು ತಪ್ಪಾಗಿತ್ತು. ಎಕ್ಸಾಸ್ಟ್ ಇರುವ ಪಕ್ಕ ಬಿಟ್ಟು, ಹೋಸ್‌ಗಳನ್ನು ಇಂಜಿನ್ ಮುಂದಿನಿಂದ ಸುತ್ತಿಸಿ ಆ ಕಡೆಯ ಚಾಸಿ ಪಟ್ಟಿಗೆ ತಂದೆ. ಸ್ವಲ್ಪ ಉದ್ದ ಆಯಿತು, ಒಂದೊಂದು 95 ಸೆಂಟಿಮೀಟರ್. ಕೆಳಗಿನಿಂದ ಕಲ್ಲು ತಾಗದ ಹಾಗೆ ಫಿಲ್ಟರ್ ಮುಂದೆ ಒಂದು ತಗಡಿನ ಗಾರ್ಡ್ ಮಾಡಿ ಕೂರಿಸಿದೆ. ಆಂಟಿ ರೋಲ್ ಬಾರ್ ಹತ್ತಿರ ಅಂಗೈ ಅಗಲದಷ್ಟು ಜಾಗ ಬಿಟ್ಟಿದ್ದೇನೆ. ಮಗನನ್ನು ಸೀಟಲ್ಲಿ ಕೂರಿಸಿ, ಕಾಲು ಬ್ರೇಕ್ ಮೇಲೇ ಇಡಿಸಿ, ಇಂಜಿನ್ ರೇಸ್ ಮಾಡಿಸಿ, ಬಾನೆಟ್ ಪಕ್ಕದಲ್ಲಿ ನಿಂತು ಇಂಜಿನ್ ಎಷ್ಟು ವಾಲುತ್ತದೆ ಅಂತ ನೋಡಿದೆ. ರಾತ್ರಿ ಪಾಳಿಯವರು ಹೇಳದಿದ್ದರೆ ಇದನ್ನು ಖಂಡಿತ ನೋಡುತ್ತಿರಲಿಲ್ಲ.

ಮೊದಲ ದಿನ ಅಡಾಪ್ಟರ್‌ನ ಒಂದು ಫಿಟ್ಟಿಂಗ್ ಹತ್ತಿರ ಒದ್ದೆ ಕಾಣಿಸಿತು. ಬಿಚ್ಚಿ, ಒರೆಸಿ, ಪೇಸ್ಟ್ ಹಚ್ಚಿ ಮತ್ತೆ ಬಿಗಿದೆ. ಆಮೇಲೆ ಒಣಗಿದೆ. ಕ್ರಾಸ್‌ಮೆಂಬರ್ ಅನ್ನು ಡೀಸೆಲ್ ಮತ್ತು ಬ್ರಷ್ ಹಿಡಿದು ತೂತುಗಳ ಒಳಗೂ ತೊಳೆದೆ. ಅದರ ನಿಜವಾದ ಬಣ್ಣ ನೋಡಿ ಎಷ್ಟೋ ವರ್ಷ ಆಗಿತ್ತು. ಈಗ ಒಂದು ತೊಟ್ಟು ಬಿದ್ದರೂ ಗೊತ್ತಾಗುತ್ತದೆ.

ರಾತ್ರಿ ಪಾಳಿ

ಓದಿ ಖುಷಿ ಆಯಿತು. ಹೋಸ್ ದಾರಿ ಬದಲಾಯಿಸಿದ್ದಕ್ಕೆ ಇನ್ನೂ ಖುಷಿ.

ಒಂದೇ ಮಾತು. ಮುಂದಿನ ಸಲ ಫಿಲ್ಟರ್ ಬಿಚ್ಚುವಾಗ ಬ್ಲಾಕ್ ಹತ್ತಿರದ ಅಡಾಪ್ಟರ್ ಅನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ, ನಡುವಿನ ಬೋಲ್ಟ್ ಸಡಿಲ ಆಗಿದ್ದರೆ ಆಗಲೇ ತಿಳಿಯುತ್ತದೆ. ಅದರ ತಲೆಯ ಮೇಲಿಂದ ಅಡಾಪ್ಟರ್‌ವರೆಗೆ ಈಗಲೇ ಪೇಂಟ್‌ನಲ್ಲಿ ಒಂದು ಗೆರೆ ಎಳೆದಿಡಿ. ಗೆರೆ ಮುರಿದು ಕಂಡರೆ ಬೋಲ್ಟ್ ತಿರುಗಿದೆ ಅಂತ ಅರ್ಥ.

ಚಾಸಿ ಕೆಳಗೆ

ಬಿಳಿ ಪೇಂಟ್ ಇನ್ನೂ ಡಬ್ಬಿಯಲ್ಲಿದೆ. ಸಂಜೆ ಗೆರೆ ಎಳೆಯುತ್ತೇನೆ.